ಹೊಸ ಮುಚ್ಚಿಗೆಯ ಅಪಸ್ವರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ: ಕಲಬುರಗಿ ಜಿಲ್ಲೆಯ ಈ ಊರುಗಳ ಸುತ್ತಿನಲ್ಲಿ ಭಜನೆಯಿಲ್ಲದ ಶ್ರಾವಣವನ್ನು ಊಹಿಸುವುದು ಕಷ್ಟ. ಭಜನೆಗೆ ತಾಳ, ಹಾರ್ಮೋನಿಯಂ, ತಬಲಾ ಬೇಕು. ಹಾರ್ಮೋನಿಯಮ್ಮಿನ ಆಯುಸ್ಸು ದೀರ್ಘ. ತಬಲದ ತೊಗಲಿನದು ಅಲ್ಪ. ಹರಿದ ಮುಚ್ಚಿಗೆಯನ್ನು ತೆಗೆದು ಹೊಸದನ್ನು ಹಾಕಿಸಿದ ಮೇಲೂ ವಾದ್ಯವು ಶ್ರುತಿಗೆ ನಿಲ್ಲದಿರುವುದುಂಟು. ಆಗ ತೊಗಲೇ ಕೆಟ್ಟದ್ದೆಂದು ದೂರುವುದು ಸಾಮಾನ್ಯ. ಆದರೆ ದೋಷವು ತೊಗಲಿನದೋ, ಬಿಗಿದ ರೀತಿಯದೋ, ಕೆಳಗಿನ ಮರದ್ದೋ? ಇದನ್ನು ತಿಳಿಯದೆ ಮುಚ್ಚಿಗೆಯನ್ನು ಬಿಸುಟರೆ ಹಣವೂ ವ್ಯರ್ಥ, ಮುಂದಿನ ಮುಚ್ಚಿಗೆಗೂ ಅದೇ ಗತಿ. ಧ್ವನಿವಿಜ್ಞಾನವು ಇಲ್ಲಿ ನಮಗೆ ನೆರವಾಗಬಲ್ಲದು.

ಬಿಗಿದ ತಂತಿಯನ್ನು ಮೀಟಿದರೆ ಹುಟ್ಟುವ ಸ್ವರಗಳ ಕಂಪನಸಂಖ್ಯೆಗಳು 1, 2, 3, 4, 5 ಎಂಬ ಸರಳ ಪ್ರಮಾಣದಲ್ಲಿರುತ್ತವೆ. ಆದುದರಿಂದಲೇ ತಂತಿಯ ನಾದ ಕಿವಿಗೆ ಇಂಪು. ಎಲ್ಲೆಡೆಯೂ ಒಂದೇ ದಪ್ಪದ ದುಂಡನೆಯ ಪೊರೆಯ ವಿಷಯ ಹಾಗಲ್ಲ. ಅದರ ಪ್ರಧಾನ ಸ್ವರವನ್ನು 1 ಎಂದಿಟ್ಟುಕೊಂಡರೆ ಉಪಸ್ವರಗಳು 1.59, 2.14, 2.30, 2.65, 2.92 ಹೀಗೆ ಒಂದಕ್ಕೊಂದು ಹೊಂದದೆ ಬರುತ್ತವೆ. ಸಾಧಾರಣ ಡೋಲಿನಿಂದ ಸದ್ದು ಬರುವುದೇ ಹೊರತು ಸ್ಪಷ್ಟ ಸ್ವರ ಬಾರದಿರುವುದಕ್ಕೆ ಇದೇ ಕಾರಣ.

ತಬಲಾ, ಮೃದಂಗಗಳು ಈ ನಿಯಮವನ್ನು ಮೀರುವ ಬಗೆಯನ್ನು ತೋರಿಸಿಕೊಟ್ಟವರು ಸರ್ ಸಿ. ವಿ. ರಾಮನ್. 1920ರಲ್ಲಿ ಅವರು ಶಿವಕಾಳಿ ಕುಮಾರ್ ಎಂಬವರೊಡನೆ ‘ನೇಚರ್’ ಪತ್ರಿಕೆಯಲ್ಲಿ ಈ ಬಗ್ಗೆ ಬರೆದರು. ಬೆಂಗಳೂರಿನಲ್ಲಿ ತಾವು 1934ರಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದೇ ವರ್ಷ ವಿಸ್ತಾರವಾದ ಲೇಖನವನ್ನು ಪ್ರಕಟಿಸಿದರು. ಮುಚ್ಚಿಗೆಯ ಮೇಲೆ ನಯವಾದ ಮರಳನ್ನು ಉದುರಿಸಿ ತಟ್ಟಿದರೆ, ಅಲುಗದ ರೇಖೆಗಳಲ್ಲಿ ಮರಳು ಸಾಲುಗಟ್ಟಿ ನಿಲ್ಲುತ್ತದೆ. ಇವೇ ನಿಸ್ಪಂದ ರೇಖೆಗಳು. ಇಂತಹ ಚಿತ್ರಗಳಿಂದ ರಾಮನ್ನರು ಕಂಡುಕೊಂಡುದಿಷ್ಟು: ನಡುವಣ ಕಪ್ಪು ಶಾಯಿಯ ಭಾರದಿಂದಾಗಿ ಪೊರೆಯ ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಾಗಿ ಕೂಡಿಕೊಳ್ಳುತ್ತವೆ, ಮತ್ತು ಆ ಐದೂ ತಂತಿಯ ಸ್ವರಗಳಂತೆ ಸರಳ ಪ್ರಮಾಣದಲ್ಲಿ ನಿಲ್ಲುತ್ತವೆ. 1954ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಬಿ. ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿ ಇದನ್ನು ಗಣಿತದಿಂದ ಸಮರ್ಥಿಸಿದರು. ಅವರ ಲೆಕ್ಕದಲ್ಲಿ ಶಾಯಿಯ ತ್ರಿಜ್ಯವು ಮುಚ್ಚಿಗೆಯ ತ್ರಿಜ್ಯದ ಸುಮಾರು ಐದರಲ್ಲಿ ಎರಡು ಪಾಲು.

ಇಷ್ಟು ಸೂಕ್ಷ್ಮವಾದ ಏರ್ಪಾಡು ಕೆಡುವುದು ಸುಲಭ. ಮೊದಲನೆಯ ದೋಷ, ಬಿಗುವಿನ ಅಸಮತೆ. ಪೊರೆಯ ಎರಡನೆಯ ಸ್ವರದಲ್ಲಿ ಒಂದು ವ್ಯಾಸ ಮಾತ್ರ ನಿಶ್ಚಲವಾಗಿದ್ದು, ಅದರ ಎರಡು ಪಕ್ಕಗಳು ಒಂದು ಏರಿದಾಗ ಇನ್ನೊಂದು ಇಳಿಯುತ್ತ ಕಂಪಿಸುತ್ತವೆ. ಈ ವ್ಯಾಸವು ಪೂರ್ವ ಪಶ್ಚಿಮವಾಗಿಯೂ ಇರಬಹುದು, ಉತ್ತರ ದಕ್ಷಿಣವಾಗಿಯೂ ಇರಬಹುದು. ಬಿಗುವು ಸಮನಾಗಿದ್ದರೆ ಎರಡಕ್ಕೂ ಒಂದೇ ಕಂಪನಸಂಖ್ಯೆ. ಅಸಮವಾಗಿದ್ದರೆ ಸ್ವರ ಒಡೆದು ಎರಡಾಗುತ್ತದೆ. ಒಂದು ಸೆಕೆಂಡಿಗೆ 300, ಇನ್ನೊಂದು 304 ಎಂದಾದರೆ ನಾದವು ಸೆಕೆಂಡಿಗೆ 4 ಸಲ ಉಬ್ಬಿ ಇಳಿಯುತ್ತದೆ. ಇದಕ್ಕೆ ವಿಸ್ಪಂದವೆಂದು ಹೆಸರು. ಕಿವಿಗೆ ಅದು ನಡುಕವಾಗಿ ಕೇಳಿಸುತ್ತದೆ.

ಇದನ್ನು ಯಾರಾದರೂ ಪರೀಕ್ಷಿಸಬಹುದು. ಬೆರಳ ತುದಿಯನ್ನು ಮುಚ್ಚಿಗೆಯ ನಟ್ಟನಡುವೆ ಹಗುರಾಗಿ ತಾಗಿಸಿ ಪ್ರಧಾನ ಸ್ವರವನ್ನು ಅಡಗಿಸಿರಿ. ಅಂಚಿನ ಬಳಿ ಒಂದು ಕಡೆ ತಟ್ಟಿ, ಬಳಿಕ ಕಾಲು ಸುತ್ತು ಆಚೆಗೆ ತಟ್ಟಿ ಹೋಲಿಸಿರಿ. ಒಂದೆಡೆ ಏರು ಸ್ವರ, ಇನ್ನೊಂದೆಡೆ ಇಳಿ ಸ್ವರ, ನಡುವೆ ತಟ್ಟಿದಲ್ಲಿ ನಡುಕ ಕೇಳಿಸಿದರೆ ಸ್ವರ ಒಡೆದಿದೆಯೆಂದು ತಿಳಿಯಬೇಕು. ಎದುರುಬದುರಿನ ಸ್ಥಳಗಳು ಒಂದೇ ಕಂಪನಕ್ಕೆ ಸೇರಿದವಾದ್ದರಿಂದ, ಇಳಿ ಸ್ವರದ ವ್ಯಾಸದ ಎರಡು ತುದಿಗಳಲ್ಲೂ ಗಜರೆಯನ್ನು ಸುತ್ತಿಗೆಯಿಂದ ಕೆಳಮುಖವಾಗಿ ಮೆಲ್ಲನೆ ಬಡಿಯಬೇಕು. ಒಂದು ಅರ್ಧಸ್ವರದಷ್ಟು ಏರಲು ಬಿಗುವು ಶೇಕಡಾ ಸುಮಾರು 12ರಷ್ಟು ಹೆಚ್ಚಬೇಕು; ಒಂದು ಸ್ಥಾಯಿಯೇ ಏರಲು ನಾಲ್ಕು ಪಟ್ಟು! ಆದುದರಿಂದ ತಗ್ಗಿನ ತೊಗಲನ್ನು ಹಟದಿಂದ ಏರಿಸಹೊರಟರೆ ಅದು ಹರಿಯುವುದೇ ಸರಿ.

ಬಡಿದು ಸಮಗೊಳಿಸಿದರೂ ನಡುಕ ಹೋಗದಿದ್ದರೆ ಮರದ ಬಾಯಿಯನ್ನು ಸಂದೇಹಿಸಬೇಕು. ಈ ಸೀಮೆಯವರಿಗೆ ಇದಕ್ಕೆ ಒಳ್ಳೆಯ ಸಾಧನ ಮನೆಯಲ್ಲೇ ಇದೆ: ನಯಗೊಳಿಸಿದ ಶಹಾಬಾದಿ ಚಪ್ಪಡಿ. ಮುಚ್ಚಿಗೆ ಬಿಚ್ಚಿದಾಗ, ಚಪ್ಪಡಿಯ ಮೇಲೆ ಸೀಮೆಸುಣ್ಣದ ಹುಡಿಯನ್ನು ತೆಳುವಾಗಿ ಹರಡಿ, ತಬಲದ ಮರವನ್ನು ಬೋರಲಿಟ್ಟು ತಿರುಗಿಸಿರಿ. ಅಂಚಿಗೆಲ್ಲ ಬಿಳುಪು ಹತ್ತಿದರೆ ಬಾಯಿ ಸಮ. ಅಲ್ಲಲ್ಲಿ ಮಾತ್ರ ಹತ್ತಿದರೆ ಅಲ್ಲಿ ಉಬ್ಬಿದೆ, ಉಳಿದೆಡೆ ತಗ್ಗಿದೆ. ಇಂತಹ ಬಾಯಿಗೆ ಎಂತಹ ಉತ್ತಮ ತೊಗಲೂ ಒಗ್ಗದು.

ಬಾಯಿಯೂ ಸಮನಾಗಿದ್ದರೆ ಮಾತ್ರ ದೋಷ ಮುಚ್ಚಿಗೆಯದು. ಆಡಿನ ತೊಗಲು ಬೆನ್ನಿನ ಕಡೆ ದಪ್ಪ, ಹೊಟ್ಟೆಯ ಕಡೆ ತೆಳು. ಕತ್ತರಿಸುವಾಗ ಇದನ್ನು ಗಮನಿಸದಿದ್ದರೆ ಭಾರ ಏರುಪೇರಾಗುತ್ತದೆ. ಶಾಯಿ ನಡುವಿನಿಂದ ಸರಿದಿರಬಹುದು, ಇಲ್ಲವೆ ತೊಗಲಿನಿಂದ ಬಿಟ್ಟು ಎದ್ದಿರಬಹುದು. ಎದ್ದ ಶಾಯಿ ತಟ್ಟಿದಾಗ ಗಿರಗಿರನೆ ಒದರುತ್ತದೆ. ಇವನ್ನು ಸುತ್ತಿಗೆ ಸರಿಪಡಿಸಲಾರದು. ಮುಚ್ಚಿಗೆಯನ್ನು ಮಾಡಿದವರಿಗೇ ಹಿಂದಿರುಗಿಸಬೇಕು. ಆದರೆ ಶಾಯಿಯಲ್ಲಿ ಕಾಣುವ ನವಿರಾದ ಬಿರುಕುಗಳ ಜಾಲವು ದೋಷವಲ್ಲ. ಗಂಜಿಯಲ್ಲಿ ಕಲಸಿದ ಲೋಹದ ಹುಡಿಯನ್ನು ಪದರಪದರವಾಗಿ ಲೇಪಿಸಿ ಕಲ್ಲಿನಿಂದ ಉಜ್ಜುವಾಗ ಆ ಬಿರುಕುಗಳು ಮೂಡುತ್ತವೆ. ಅವು ಇರುವುದರಿಂದಲೇ ಗಡುಸಾದ ಶಾಯಿಯು ತೊಗಲಿನೊಡನೆ ಬಳುಕಬಲ್ಲದು.

ಹವೆಯನ್ನೂ ಮರೆಯಲಾಗದು. ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸನ್ನು ದಾಟುವ ಒಣ ಬಿಸಿಲಿಗೆ ತೊಗಲು ಕುಗ್ಗಿ ಬಿಗಿಯುತ್ತದೆ; ಶ್ರಾವಣದ ತೇವವನ್ನು ಹೀರಿ ಸಡಿಲಗೊಂಡು ಭಾರವಾಗುತ್ತದೆ. ಎರಡು ಕಾರಣಗಳಿಂದಲೂ ಶ್ರುತಿ ಇಳಿಯುತ್ತದೆ. ಮಳೆಗಾಲದಲ್ಲಿ ತಗ್ಗಿದ ಮಾತ್ರಕ್ಕೆ ಮುಚ್ಚಿಗೆಯನ್ನು ಕೆಟ್ಟದ್ದೆನ್ನಬಾರದು. ಕಾದ ಚಪ್ಪಡಿಯ ಮೇಲೆ ಒಣಗಿಸಲೂಬಾರದು. ಅವಸರದ ಬಿಸಿಗೆ ಶಾಯಿಯೇ ಎದ್ದೀತು.

ಮೊದಲು ಹವೆ, ಬಳಿಕ ಬಿಗುವು, ಅನಂತರ ಮರ, ಕಟ್ಟಕಡೆಗೆ ತೊಗಲು: ಪರೀಕ್ಷೆಯ ಕ್ರಮ ಇದು. ಗಣಿತವನ್ನು ಓದದ ಕುಶಲಕರ್ಮಿಗಳು ರಾಮನ್ನರಿಗಿಂತ ಎಷ್ಟೋ ಹಿಂದೆ ಕಿವಿಯೊಂದನ್ನೇ ನಂಬಿ ಶಾಯಿಯ ಅಳತೆಯನ್ನು ಕಂಡುಕೊಂಡರು. ಅವರ ಕೆಲಸವನ್ನು ದೂರುವ ಮುನ್ನ ಅಷ್ಟೇ ಎಚ್ಚರದಿಂದ ಆಲಿಸುವುದು ನಮ್ಮ ಹೊಣೆ.