ಕಟ್ಟು ಬಿಚ್ಚುವ ಹೊತ್ತು

ರಾತ್ರಿಯ ಮಳೆ ಇನ್ನೂ ಹಂಚಿನ ತುದಿಯಿಂದ ತೊಟ್ಟಿಕ್ಕುತ್ತಿದೆ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಬಸ್ಸು ಸಿದ್ಧಕಟ್ಟೆ ಪೇಟೆಯಲ್ಲಿ ನಿಂತು, ಕಂಡಕ್ಟರನ ಸೀಟಿಗೆ ಮತ್ತೆ ಹೊರಟಿತು. ಬೀಡಿಯ ಚೀಲ ಹಿಡಿದ ಹೆಂಗಸರು ಬೀಡಿ ಒಪ್ಪಿಸುವ ಬ್ರಾಂಚಿನ ದಾರಿ ಹಿಡಿದಿದ್ದಾರೆ. ಹೋಟೆಲಿನ ಬಾಣಲೆಯಲ್ಲಿ ಗೋಳಿಬಜೆ ಉಬ್ಬುತ್ತಿದೆ. ಪಕ್ಕದ ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕುಳಿತ ಹುಡುಗ ಪೇಪರಿನ ಕಟ್ಟು ಬಿಚ್ಚಿ, ಅಂಚು ಒದ್ದೆಯಾದ ಪ್ರತಿಗಳನ್ನು ಬದಿಗಿಟ್ಟು, ಉಳಿದವುಗಳ ಹೊಟ್ಟೆಗೆ ಪುರವಣಿ ತುರುಕುತ್ತಿದ್ದಾನೆ.

ಹಿರಿಯರೊಬ್ಬರು ಒಂದು ಪ್ರತಿ ಬಿಡಿಸಿದರು. ಮುಖಪುಟದ ತುಂಬ ಚಿನ್ನದಂಗಡಿಯ ಜಾಹೀರಾತು. ಸುದ್ದಿ ಹುಡುಕಲು ಹಾಳೆ ಮಗುಚಬೇಕಾಯಿತು.

"ಇಷ್ಟು ದಪ್ಪದ ಪೇಪರು, ಇಷ್ಟೇ ಕ್ರಯಕ್ಕೆ ಹೇಗೆ ಕೊಡ್ತಾರೆ ಮಾರಾಯ?"

"ಜಾಹೀರಾತು ಉಂಟಲ್ಲ ಮಾರಾಯ್ರೆ."

ಹುಡುಗ ಸಹಜವಾಗಿ ಹೇಳಿದ ಆ ಮಾತು ನನ್ನನ್ನು ಇಡೀ ದಿನ ಕಾಡಿತು. ಜಾಹೀರಾತು ಕೊಡುವವನ ಲೆಕ್ಕಪುಸ್ತಕವನ್ನೇ ತೆರೆಯಬೇಕಾಗಿ ಬಂದ ದಿನ ಪತ್ರಿಕೆ ಏನು ಮಾಡಬೇಕು?

ಕಳ್ಳಹಣದ ಜಾಡು ಹಿಡಿಯುವ ಕೆಲಸ ಶುರುವಾಗುವುದು ಸಣ್ಣ ಖರ್ಚಿನಿಂದಲೇ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್, ನಕಲಿನ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಉತ್ತರ ಬಾರದಿದ್ದರೆ ಮೇಲ್ಮನವಿ. ಆಮೇಲೆ ಪಹಣಿ, ಟೆಂಡರಿನ ಕಡತ, ಬೇನಾಮಿ ಕಂಪನಿಯ ನಿರ್ದೇಶಕರ ಪಟ್ಟಿ. ದುಬಾರಿಯಾಗುವುದು ತಿಂಗಳುಗಳು. ಒಂದೇ ವರದಿಯ ಹಿಂದೆ ಅರ್ಧ ವರ್ಷ ಓಡಾಡುವವನ ಮನೆಯಲ್ಲೂ ಒಲೆ ಉರಿಯಬೇಕು. ವರದಿ ಅಚ್ಚಾದ ಮೇಲೆ ಮಾನನಷ್ಟದ ನೋಟಿಸು ಬಂದರೆ ವಕೀಲರ ಫೀಸನ್ನೂ ಯಾರಾದರೂ ಕೊಡಬೇಕು.

ಈ ಹಣ ಎಲ್ಲಿಂದ ಬರಬೇಕೆಂಬುದಕ್ಕೆ ನಮ್ಮ ಜಿಲ್ಲೆ ಒಮ್ಮೆ ಉತ್ತರ ಕೊಟ್ಟಿತ್ತು. ಪತ್ರಕರ್ತ ವಡ್ಡರ್ಸೆ ರಘುರಾಮ ಶೆಟ್ಟರು ಪ್ರಜಾವಾಣಿ ಬಿಟ್ಟು ಬಂದು, ಜನರಿಂದಲೇ ಷೇರು ಕೂಡಿಸಿ, 1984ರಲ್ಲಿ ಮಂಗಳೂರಿನಿಂದ 'ಮುಂಗಾರು' ದಿನಪತ್ರಿಕೆ ಹೊರಡಿಸಿದರು. ಬಂಡವಾಳಗಾರನ ಮುಂದೆ ಕೈಯೊಡ್ಡದೆ ಓದುಗನನ್ನೇ ಒಡೆಯನಾಗಿಸುವ ಸಾಹಸ ಅದು. ದಿನೇಶ್ ಅಮಿನ್ ಮಟ್ಟು ಅವರಂಥ ಪತ್ರಕರ್ತರು ಪಳಗಿದ್ದು ಅಲ್ಲಿ. ಹಣದ ಅಡಚಣೆ ಅದನ್ನು ಬಹುಕಾಲ ಬಾಳಗೊಡಲಿಲ್ಲ. ಆ ನಷ್ಟ ಶೆಟ್ಟರೊಬ್ಬರದಲ್ಲ, ಕರಾವಳಿಯದು ಎಂದೇ ನಾನು ತಿಳಿದಿದ್ದೇನೆ. ಅದಕ್ಕೂ ಮುಂಚೆ, 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಜಾಹೀರಾತೇ ಇಲ್ಲದೆ, ಮಾರಾಟದ ದುಡ್ಡಿನಲ್ಲೇ ನಿಂತು ಮುಖ್ಯಮಂತ್ರಿಗಳನ್ನು ಪ್ರಶ್ನಿಸಿತು.

ಅಂಥ ಕೆಲಸ ಈಗಲೂ ನಡೆಯುತ್ತದೆ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟು, ಪಕ್ಷಗಳಿಗೆ ದೇಣಿಗೆ ಕೊಡುವ ಚುನಾವಣಾ ಬಾಂಡ್ ಯೋಜನೆಯನ್ನು ರದ್ದು ಮಾಡಿತು. ಮಾರ್ಚಿನಲ್ಲಿ ಬಾಂಡ್ ಕೊಂಡವರ, ಪಡೆದ ಪಕ್ಷಗಳ ಪಟ್ಟಿ ಹೊರಬಿದ್ದಾಗ ದಿ ನ್ಯೂಸ್ ಮಿನಿಟ್, ನ್ಯೂಸ್‌ಲಾಂಡ್ರಿ, ಸ್ಕ್ರಾಲ್ ಸುದ್ದಿಸಂಸ್ಥೆಗಳು ಕೈಜೋಡಿಸಿ, ಯಾವ ಕಂಪನಿ ಯಾವ ಪಕ್ಷಕ್ಕೆ ಯಾವಾಗ ಎಷ್ಟು ಕೊಟ್ಟಿತೆಂದು ಸಾಲು ಸಾಲಾಗಿ ಹೊಂದಿಸಿ ನೋಡಿದವು. ಅವುಗಳ ಬೆನ್ನಿಗಿದ್ದದ್ದರಲ್ಲಿ ಓದುಗರು ಕಟ್ಟಿದ ಚಂದಾ ಹಣವೂ ಸೇರಿದೆ.

ಬಿಸಿಲು ಜಗಲಿಗೆ ಬಂತು. ಹುಡುಗ ಸೈಕಲ್ಲಿಗೆ ಪೇಪರು ಕಟ್ಟಿ ಹೊರಟ. ಹಿರಿಯರು ಚಾ ಮುಗಿಸಿ, ಪೇಪರಿನ ದುಡ್ಡು ಎಣಿಸಿ ಗಲ್ಲಾದ ಮೇಲಿಟ್ಟರು.

ಓದುಗರೇ, ನಿಮ್ಮ ಪಂಚಾಯತಿನ ಲೆಕ್ಕ ಕೇಳುವ, ಬೆದರಿಕೆಗೆ ಬಗ್ಗದ ಸಣ್ಣ ಪತ್ರಿಕೆಯೊಂದು ನಿಮಗೆ ಗೊತ್ತಿದ್ದರೆ, ಈ ತಿಂಗಳೇ ಅದಕ್ಕೆ ಒಂದು ವರ್ಷದ ಚಂದಾ ಕಟ್ಟಿ.