ಥಾಯ್ ಹಾಡಿಗೆ ಕೊರಿಯಾದ ಹೆಜ್ಜೆ

ಥಾಯ್ ಭಾಷೆಯಲ್ಲಿ 'ಮಾ' ಎಂದು ಸಮದನಿಯಲ್ಲಿ ಹೇಳಿದರೆ 'ಬಾ' ಎಂದರ್ಥ. ಅದನ್ನೇ ಮೇಲಿನ ಶ್ರುತಿಯಲ್ಲಿ ಹೇಳಿದರೆ ಕುದುರೆ. ಕೆಳಗಿನಿಂದ ಮೇಲಕ್ಕೆ ಎಳೆದರೆ ನಾಯಿ! ನಾವು 'ಬಾ' ಎಂಬುದನ್ನು ಯಾವ ರಾಗದಲ್ಲಿ ಹಾಡಿದರೂ ಅದು 'ಬಾ' ಆಗಿಯೇ ಉಳಿಯುತ್ತದೆ. ಐದು ಬಗೆಯ ಸ್ವರಭೇದಗಳಿರುವ ಥಾಯ್ ಭಾಷೆಯಲ್ಲಿ ಹಾಗಲ್ಲ. ಧ್ವನಿಯ ಆವೃತ್ತಿ ಬದಲಾದರೆ ಅರ್ಥವೇ ಬದಲಾದೀತು. ಹೀಗಾಗಿ ಅಲ್ಲಿ ಹಾಡು ಕಟ್ಟುವವರು ರಾಗದ ಏರಿಳಿತವನ್ನು ಮಾತಿನ ಏರಿಳಿತಕ್ಕೆ ಹೊಂದಿಸಬೇಕು. 'ಲೂಕ್ ತುಂಗ್' ಎಂಬ ಹಳ್ಳಿಗಾಡಿನ ಹಾಡುಗಳಲ್ಲಿ ಈ ಹೊಂದಿಕೆ ಬಲು ಬಿಗಿ.

ಇಂಥ ನಾಡಿಗೆ ಕೊರಿಯಾದ ಪಾಪ್ ಸಂಗೀತ ನುಗ್ಗಿದಾಗ ಏನಾಯಿತು? ಮೊದಲು ಬಂದದ್ದು ಟಿವಿ ಧಾರಾವಾಹಿಗಳು, ಬೆನ್ನಿಗೇ ಹಾಡು ಮತ್ತು ಕುಣಿತ. 2007ರಲ್ಲಿ ಬ್ಯಾಂಕಾಕಿನ ಆರ್.ಎಸ್. ಕಂಪೆನಿ ಹದಿಹರೆಯದವರಿಗಾಗಿಯೇ 'ಕಾಮಿಕಾಝೆ' ಎಂಬ ವಿಭಾಗ ತೆರೆಯಿತು. ಅದರ 'ಕೆ-ಓಟಿಕ್' ತಂಡದಲ್ಲಿ ಕೊರಿಯಾದ ಯುವಕನೊಬ್ಬನೂ ಇದ್ದ.

ಆದರೆ ಕೊರಿಯಾದ ರಾಗಕ್ಕೆ ಥಾಯ್ ಪದಗಳನ್ನು ಸುಮ್ಮನೆ ತುಂಬಲು ಬರುವುದಿಲ್ಲವಲ್ಲ! ಆದ್ದರಿಂದ ಥಾಯ್ ಸಂಗೀತಗಾರರು ರಾಗಕ್ಕಿಂತ ಹೆಚ್ಚಾಗಿ ಪಡೆದದ್ದು ತಾಳ, ಗುಂಪುನೃತ್ಯ, ವೇಷಭೂಷಣ ಮತ್ತು ರ‍್ಯಾಪ್. ರ‍್ಯಾಪ್ ಮಾತಿಗೆ ಹತ್ತಿರವಾದ್ದರಿಂದ ಅದರಲ್ಲಿ ಸ್ವರಭೇದ ಸುಲಭವಾಗಿ ಉಳಿಯುತ್ತದೆ. ನಡುವೆ ತುರುಕುವ ಇಂಗ್ಲಿಷ್ ಸಾಲುಗಳಿಗಂತೂ ಈ ಕಟ್ಟಿನ ಗೊಡವೆಯೇ ಇಲ್ಲ. ಕಿವಿಗೆ ಹಿತವೋ ಅಲ್ಲವೋ, ಜಾಣತನವಂತೂ ಹೌದು.

ಇದಕ್ಕಿಂತ ದೊಡ್ಡ ಆಮದು ತರಬೇತಿಯ ಕ್ರಮ. ಕೊರಿಯಾದ ಕಂಪೆನಿಗಳು ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಆರಿಸಿ ಹಾಡು, ನೃತ್ಯ, ಭಾಷೆ ಎಲ್ಲವನ್ನೂ ಕಲಿಸುತ್ತವೆ. ಲಾಭನಷ್ಟದ ಲೆಕ್ಕವಿಡುವ ಗುರುಕುಲವೆನ್ನಿ. ಥಾಯ್ಲೆಂಡಿನ ಬುರಿರಾಮ್ ಪ್ರಾಂತ್ಯದಲ್ಲಿ ಹುಟ್ಟಿದ ಲೀಸಾ 2010ರಲ್ಲಿ ಇಂಥ ಆಯ್ಕೆಯಲ್ಲಿ ಗೆದ್ದಳು. ಮರುವರ್ಷ, ಹದಿನಾಲ್ಕರ ಹರೆಯದಲ್ಲಿ, ಸಿಯೋಲ್ ಸೇರಿದಳು. 'ಬ್ಲ್ಯಾಕ್‌ಪಿಂಕ್' ತಂಡದೊಂದಿಗೆ ವೇದಿಕೆ ಏರಿದ್ದು 2016ರಲ್ಲಿ. ನಡುವಿನ ಐದು ವರ್ಷ ಹೆತ್ತವರಿಂದ ದೂರ, ಪರಭಾಷೆಯ ಊರಿನಲ್ಲಿ. ಗೆದ್ದವಳ ಕಥೆ ಎಲ್ಲರಿಗೂ ಗೊತ್ತು. ಅಷ್ಟೇ ವರ್ಷ ಬೆವರಿಳಿಸಿಯೂ ವೇದಿಕೆ ಕಾಣದೆ ಮನೆಗೆ ಮರಳುವವರ ಹೆಸರನ್ನು ಯಾರೂ ಕೇಳುವುದಿಲ್ಲ.

ಈಗ ಅದೇ ಮಾದರಿಯ ತಂಡಗಳು ಬ್ಯಾಂಕಾಕಿನಲ್ಲೇ ರೂಪುಗೊಳ್ಳುತ್ತಿವೆ. ಏಳು ಹುಡುಗಿಯರ 'ಫೋರ್‌ಈವ್' ತಂಡ ಹುಟ್ಟಿದ್ದು 2020ರ ಟಿವಿ ಸ್ಪರ್ಧೆಯಿಂದ. ಇವರು ಹಾಡುವುದು ಥಾಯ್ ಭಾಷೆಯಲ್ಲಿ. ಈ ಬಗೆಯ ಸಂಗೀತಕ್ಕೆ 'ಟಿ-ಪಾಪ್' ಎಂಬ ಹೆಸರೂ ಬಂದಿದೆ.

ಲೀಸಾ 2021ರಲ್ಲಿ ಸಂದರ್ಶನವೊಂದರಲ್ಲಿ ಬುರಿರಾಮ್ ರೈಲು ನಿಲ್ದಾಣದ ಬಳಿ ಮಾರುವ, ನಿಂತೇ ತಿನ್ನುವ ಮಾಂಸದುಂಡೆಗಳನ್ನು ನೆನೆದಳು. ಅಷ್ಟೇ ಸಾಕಾಯಿತು. ಅಲ್ಲಿನ ಗಾಡಿಗಳ ಮುಂದೆ ಜನ ಮುಗಿಬಿದ್ದರು.