ಮೂವರು ಕವಿಗಳ ಊರಿಗೆ ಬೈಸಿಕಲ್ ಯಾತ್ರೆ

ಇಟಲಿಗೆ ಹೋಗುವ ನಮ್ಮವರು ಬಹುಮಟ್ಟಿಗೆ ರೋಮ್, ಫ್ಲಾರೆನ್ಸ್, ವೆನಿಸ್ ನಗರಗಳನ್ನು ರೈಲಿನಲ್ಲಿ ಅವಸರದಿಂದ ನೋಡಿಕೊಂಡು ಹಿಂದಿರುಗುವರು. ಆ ದೇಶದ ಉತ್ತರಭಾಗದಲ್ಲಿ ಪೋ ನದಿಯ ವಿಶಾಲವಾದ ಬಯಲೊಂದುಂಟು. ಅಲ್ಲಿನ ನೆಲವು ಹಲಗೆಯಂತೆ ಸಮತಟ್ಟಾಗಿರುವುದರಿಂದ ಅರವತ್ತರ ವಯಸ್ಸಿನವರೂ ಬೈಸಿಕಲ್ಲಿನ ಮೇಲೆ ನಿರಾಯಾಸವಾಗಿ ಸಂಚರಿಸಬಹುದು. ನಾವು ಸಹಧರ್ಮಿಣಿಯೊಡನೆ ಮೇ ತಿಂಗಳಿನಲ್ಲಿ ಬಾಡಿಗೆಯ ಬೈಸಿಕಲ್ಲುಗಳನ್ನು ಹಿಡಿದು, ದಿನಕ್ಕೆ ನಲವತ್ತು ಕಿಲೋಮೀಟರು ಮೀರದಂತೆ, ಮಾಂಟುವಾ, ಫೆರಾರಾ, ರಾವೆನ್ನಾ ಎಂಬ ಮೂರು ಪುರಾತನ ಪಟ್ಟಣಗಳನ್ನು ಎಂಟು ದಿನಗಳಲ್ಲಿ ಕಂಡೆವು. ಮೂರೂ ಕವಿಗಳ ಊರುಗಳು. ಮೂವರೂ ನೊಂದವರು.

ಮಾಂಟುವಾ ಪಟ್ಟಣವನ್ನು ಮಿಂಚೋ ನದಿಯ ಮೂರು ಸರೋವರಗಳು ಬಳಸಿವೆ. ಲ್ಯಾಟಿನ್ ಮಹಾಕವಿ ವರ್ಜಿಲನು ಕ್ರಿ. ಪೂ. 70ರಲ್ಲಿ ಜನಿಸಿದ್ದು ಇದರ ಸಮೀಪದ ಹಳ್ಳಿಯಲ್ಲಿ. ಅಂತರ್ಯುದ್ಧ ಮುಗಿದ ಮೇಲೆ ಗೆದ್ದವರು ತಮ್ಮ ಸಿಪಾಯಿಗಳಿಗೆ ಇನಾಮು ಕೊಡುವುದಕ್ಕಾಗಿ ಈ ಸೀಮೆಯ ರೈತರ ಹೊಲಗಳನ್ನು ಕಿತ್ತುಕೊಂಡರು. ಆ ಅಗಲಿಕೆಯ ಅಳಲು ಅವನ ಗೋಪಗೀತೆಗಳಲ್ಲಿ ಇಂದಿಗೂ ಕೇಳಿಸುತ್ತದೆ.

ಶಾಕಾಹಾರಿಗಳು ಈ ಊರಿನಲ್ಲಿ ಉಪವಾಸ ಬೀಳಬೇಕಾಗಿಲ್ಲ. ಸಿಹಿಗುಂಬಳದ ಹೂರಣ ತುಂಬಿದ ಚಿಕ್ಕ ಚಿಕ್ಕ ಕಡುಬುಗಳನ್ನು ಬೇಯಿಸಿ, ಕಾಯಿಸಿದ ಬೆಣ್ಣೆಯಲ್ಲಿ ಹೊರಳಿಸಿ ಬಡಿಸುವರು. ಆದರೆ ಮೇಲೆ ಉದುರಿಸುವ ಗಟ್ಟಿ ಚೀಸನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ ತಯಾರಿಸುತ್ತಾರೆ. ಕಡುಬಿನ ಹೂರಣದಲ್ಲಿಯೂ ಅದನ್ನು ಬೆರೆಸುವುದುಂಟು. ನಿಷ್ಠಾವಂತರು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಮಾಂಟುವಾದಿಂದ ಫೆರಾರಾಕ್ಕೆ ಹೋಗುವಾಗ ದಾರಿಯ ಬಹುಭಾಗವು ಪೋ ನದಿಯ ಏರಿಯ ಮೇಲೆಯೇ ಸಾಗುತ್ತದೆ. ಒಂದು ಕಡೆ ಮಂದಗಾಮಿನಿಯಾದ ನದಿ; ಮತ್ತೊಂದು ಕಡೆ, ಏರಿಗಿಂತ ಬಹಳ ಕೆಳಗೆ, ಗೋಧಿಯ ಹೊಲಗಳು, ಕೆಂಪು ಹೆಂಚಿನ ಮನೆಗಳು, ಗಂಟೆಯ ಗೋಪುರಗಳು. ನದಿಯಂಚಿನಲ್ಲಿ ಸಾಲಾಗಿ ನೆಟ್ಟ ಪಾಪ್ಲರ್ ಮರಗಳು ಆ ತಿಂಗಳಿನಲ್ಲಿ ಬೂರುಗದ ಹತ್ತಿಯಂಥ ಅರಳೆಯನ್ನು ಗಾಳಿಗೆ ತೂರುತ್ತವೆ. ಮೋಟಾರುಗಳ ಗದ್ದಲವಿಲ್ಲ. ಆದರೆ ಈ ಶಾಂತಿಯನ್ನು ಪೂರ್ತಿಯಾಗಿ ನಂಬುವಂತಿಲ್ಲ. ಪ್ರವಾಹ ಬಂದಾಗ ನೀರು ಹೊಲಗಳ ಮಟ್ಟಕ್ಕಿಂತ ಮೇಲೆ ನಿಲ್ಲುತ್ತದೆ, ಏರಿಯೊಂದೇ ರಕ್ಷೆ. 1951ರ ನವೆಂಬರಿನಲ್ಲಿ ಫೆರಾರಾದ ಎದುರು ದಡದ ಒಕ್ಯೊಬೆಲ್ಲೊ ಎಂಬಲ್ಲಿ ಏರಿ ಒಡೆದು, ಪೊಲೆಸಿನೆ ಸೀಮೆಯ ಬಹುಭಾಗ ಮುಳುಗಿ, ಲಕ್ಷಕ್ಕೂ ಮಿಕ್ಕ ಜನರು ನಿರ್ವಸತಿಗರಾದರು.

ಫೆರಾರಾ ಬೈಸಿಕಲ್ಲುಗಳ ನಗರ. ಅಜ್ಜಿಯರೂ ತರಕಾರಿಯ ಬುಟ್ಟಿಯನ್ನು ಮುಂದೆ ಕಟ್ಟಿಕೊಂಡು ನೆಟ್ಟಗೆ ಕುಳಿತು ಸಾಗುವ ಗಾಂಭೀರ್ಯವನ್ನು ನೋಡಿಯೇ ತಿಳಿಯಬೇಕು. ಊರ ಸುತ್ತ ಸುಮಾರು ಒಂಬತ್ತು ಕಿಲೋಮೀಟರಿನ ಕೋಟೆ. ಅದನ್ನೊಂದು ಸಂಜೆ ಪ್ರದಕ್ಷಿಣೆ ಮಾಡಿದೆವು. ಇಲ್ಲಿನ ಎಸ್ತೆ ವಂಶದ ಪ್ರಭುಗಳು ಕವಿಗಳಿಗೆ ಆಶ್ರಯದಾತರೆಂದು ಪ್ರಖ್ಯಾತರು. ಅವರ ಆಸ್ಥಾನಕವಿ ತಾಸ್ಸೊ ಬುದ್ಧಿಭ್ರಮಣೆಗೊಳಗಾಗಿ ಪ್ರಭುವನ್ನು ನಿಂದಿಸಿದಾಗ, ಆ ಆಶ್ರಯದಾತನೇ ಅವನನ್ನು 1579ರಿಂದ 1586ರವರೆಗೆ ಸಂತ ಆನಾ ಆಸ್ಪತ್ರೆಯಲ್ಲಿ ಬಂಧಿಸಿಟ್ಟನು. ಜೆರೂಸಲೇಮಿನ ವಿಮೋಚನೆಯನ್ನು ಕುರಿತ ಅವನ ಮಹಾಕಾವ್ಯವು 1581ರಲ್ಲಿ ಅಚ್ಚಾಗಿ ಹೊರಬಂದಾಗ ಕವಿ ಸೆರೆಯಲ್ಲಿದ್ದನು. ರಾಜಾಶ್ರಯವನ್ನು ಹೊಗಳುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮುಂದೆ ಕೊಮಾಕ್ಯೊ ಎಂಬಲ್ಲಿ ಸಮುದ್ರದ ಹಿನ್ನೀರು. ಅದರಲ್ಲಿ ನಸುಗೆಂಪು ಬಣ್ಣದ ರಾಜಹಂಸಗಳು ಮೇಯುತ್ತಿದ್ದವು. ಇವು ನಮ್ಮ ಕಾವ್ಯಗಳ ಹಂಸಗಳಲ್ಲ.

ರಾವೆನ್ನಾದಲ್ಲಿ ಸಂತ ವಿತಾಲೆಯ ದೇವಾಲಯದ ಗಾಜಿನ ಹರಳುಗಳ ಚಿತ್ರಗಳು ಸುಮಾರು ಸಾವಿರದ ಐನೂರು ವರ್ಷ ಕಳೆದರೂ ಕಾಂತಿಗುಂದಿಲ್ಲ. ಆದರೆ ನಾವು ಬಂದದ್ದು ಡಾಂಟೆಯ ಸಮಾಧಿಗಾಗಿ. ಹುಟ್ಟೂರಾದ ಫ್ಲಾರೆನ್ಸ್ ಅವನನ್ನು 1302ರಲ್ಲಿ ಹೊರದೂಡಿತು. ಮರಳಿ ಬಂದರೆ ಸುಡುವುದಾಗಿ ವಿಧಿಸಿತು. ಮೇಘದೂತದ ಯಕ್ಷನ ಶಾಪಕ್ಕಾದರೂ ಒಂದು ವರ್ಷದ ಅವಧಿಯಿತ್ತು. ಡಾಂಟೆಗೆ ಅವಧಿಯೆಂಬುದೇ ಇರಲಿಲ್ಲ. 1321ರಲ್ಲಿ ಅವನು ರಾವೆನ್ನಾದಲ್ಲಿಯೇ ತೀರಿಕೊಂಡನು. ಬಳಿಕ ಫ್ಲಾರೆನ್ಸಿಗೆ ಅವನ ಅಸ್ಥಿಗಳು ಬೇಕೆನಿಸಿತು. 1519ರಲ್ಲಿ ಆ ಊರಿನವನೇ ಆದ ಪೋಪ್ ಹತ್ತನೆಯ ಲಿಯೋ ಅಪ್ಪಣೆಯನ್ನೂ ಕೊಟ್ಟನು. ಸಮಾಧಿಯನ್ನು ತೆರೆದರೆ ಬರಿದಾಗಿತ್ತು! ಪಕ್ಕದ ಮಠದ ಸಂನ್ಯಾಸಿಗಳು ಗೋಡೆ ಕೊರೆದು ಅಸ್ಥಿಗಳನ್ನು ಅಡಗಿಸಿದ್ದರು. ಅವು 1865ರಲ್ಲಿ, ಗೋಡೆ ರಿಪೇರಿಯ ಸಮಯದಲ್ಲಿ, ಮರದ ಪೆಟ್ಟಿಗೆಯೊಂದರಲ್ಲಿ ದೊರೆತುವು. ಫ್ಲಾರೆನ್ಸಿನಲ್ಲಿ ಕಟ್ಟಿದ ಭವ್ಯವಾದ ಸಮಾಧಿ ಇಂದಿಗೂ ಬರಿದು.

ಸಮಾಧಿಯ ನಂದಾದೀಪಕ್ಕೆ ಬೇಕಾದ ಎಣ್ಣೆಯನ್ನು ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಫ್ಲಾರೆನ್ಸ್ ನಗರವೇ ತಂದೊಪ್ಪಿಸುತ್ತದೆ. ನಾವು ಹೋದದ್ದು ಮೇ ತಿಂಗಳಾದುದರಿಂದ ಆ ಉತ್ಸವವನ್ನು ಕಾಣಲಿಲ್ಲ. ದೀಪವು ಉರಿಯುತ್ತಿದ್ದಿತು.